ನೆಟ್ಟಿಗೆ ತಾಗಿದ ಬೆರಳು

ಭಟ್ಕಳದ ಆ ವಾಲಿಬಾಲ್ ಆಟಗಾರನಿಗೆ ಶ್ರೇಷ್ಠ ಆಟಗಾರನ ಕಪ್ಪು ಸಿಕ್ಕಿದ್ದು ಒಂದೇ ಸಲ. ಇನ್ನೆರಡಾದರೂ ಸಿಗಬೇಕಿತ್ತೆಂದು ಚಹಾದಂಗಡಿಯಲ್ಲಿ ಈಗಲೂ ವಾದ ಹತ್ತಿದರೆ ನಾನು ಮೆಲ್ಲಗೆ ಕೊಡೆ ಹುಡುಕುತ್ತೇನೆ.

ಕುಮಟೆಯ ಫೈನಲ್ಲಿಗೆ ರೆಫ್ರಿ ನಾನೇ. ಗೆಲುವಿನ ಪಾಯಿಂಟಿಗೆ ಅವನು ಹಾರಿ ಹೊಡೆದ ಚೆಂಡು ಹೊನ್ನಾವರದವರ ಅಂಕಣದಲ್ಲಿ ಬಿತ್ತು. ಅಷ್ಟೆತ್ತರ ಹಾರುವವನನ್ನು ನಾನು ಮತ್ತೆ ಕಂಡಿಲ್ಲ. ನೆಟ್ಟು ಅಲುಗಿದಂತೆ ಕಂಡರೂ ಜನರ ಕೂಗಿಗೆ ಹೆದರಿ ಪಾಯಿಂಟು ಕೊಡಲು ಸೀಟಿ ಊದುವುದರಲ್ಲಿದ್ದೆ. ತಪ್ಪು ತನ್ನದಾದಾಗಲೆಲ್ಲ ಮಾಡುವಂತೆ ಅವನು ಕೈ ಎತ್ತಿದ.

“ಮಾಸ್ತರೇ, ನೆಟ್ಟಿಗೆ ಬೆರಳು ತಾಗಿತು.”

“ಎಂತ ಆತು ನಿಂಗೆ? ರೆಫ್ರಿ ನೋಡ್ಲೇ ಇಲ್ಲ!” ಜೊತೆಗಾರ ಹಾರಾಡಿದ.

“ತಾಗಿದ್ದು ತಾಗಿತು ಮಾರಾಯ.”

ನೆಟ್ಟು ಮುಟ್ಟಿದರೆ ತಪ್ಪು; ಸರ್ವಿಸ್ ಹೊನ್ನಾವರದವರ ಕಡೆ ಹೋಯಿತು, ಆಟವೂ ಹೋಯಿತು. ಗೆದ್ದ ತಂಡದವನಿಗೇ ಶ್ರೇಷ್ಠ ಆಟಗಾರನ ಕಪ್ಪು ಕೊಡುವುದು ನಮ್ಮ ಕಡೆಯ ರೂಢಿ. ಅದನ್ನು ಹೊನ್ನಾವರದವನಿಗೆ ಕೊಡುವಾಗ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ಅದಕ್ಕೂ ಮುಂಚೆ, ಆಟ ಮುಗಿದಾಗ, ಎತ್ತರದ ಸ್ಟೂಲಿನಿಂದ ನನ್ನನ್ನು ಕೈಹಿಡಿದು ಇಳಿಸಿದವನೂ ಅವನೇ.