ಬಾನೆಟ್ಟಿನೊಳಗಿನ ಕರಿದಾರ

ಕಾರಿನ ಮೀಟರಿನಲ್ಲಿ ಹೊತ್ತುವ ಆ ಹಳದಿ ದೀಪ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಮಲಾಪುರದಿಂದ ಕಲಬುರಗಿಗೆ ಕಾರು ನಡೆಸುವವಳು ನಾನೇ. ಮನೆಯಲ್ಲಿ ಮತ್ತೆ ಇರುವವರು ಅತ್ತೆ ಒಬ್ಬರು. ಅಮಾವಾಸ್ಯೆ ಕಳೆದ ಮೇಲೆ ಆ ದೀಪ ಹೊತ್ತತೊಡಗಿತು. ಹೊತ್ತಿತೆಂದರೆ ಮುಗಿಯಿತು, ಎಕ್ಸಲೇಟರ್ ಎಷ್ಟು ಒತ್ತಿದರೂ ಗಾಡಿ ಓಡುತ್ತಿರಲಿಲ್ಲ.

ಆ ದಿನ ತೆವಳಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಮ್ಮ ಸರದಿಯ ಮಷೀನಿಗೆ ಬೇರೆಯವರನ್ನು ಮಲಗಿಸಿದ್ದರು. ಮಧ್ಯಾಹ್ನದವರೆಗೆ ಕಾಯಿಸಿದರು. ಗಂಡನ ಮುಖ ಊದಿತ್ತು, ಎರಡು ಮಾತಾಡಿದರೆ ಏದುಸಿರು. ಇನ್ನೊಮ್ಮೆ ಹೀಗಾದರೆ ಇವರನ್ನು ದಾರಿಯಲ್ಲೇ ಕಳೆದುಕೊಳ್ಳುತ್ತೇನೆ ಎಂದು ಹೆದರಿದೆ.

ಅವರನ್ನು ಮಷೀನಿಗೆ ಹಚ್ಚಿದ ಮೇಲೆ ಸೂಪರ್ ಮಾರ್ಕೆಟ್ ಹಿಂದಿನ ಗ್ಯಾರೇಜಿಗೆ ಹೋಗಿ, ಗಾಡಿ ಗರಂ ಆಗುತ್ತಿದೆ ಅಂದೆ. ಮಿಸ್ತ್ರಿ ಸ್ಕ್ಯಾನರ್ ಹಚ್ಚಿ ನೋಡಿದ. ಕಾಯುತ್ತಿರುವುದು ಇಂಜಿನ್ ಅಲ್ಲವಂತೆ. ಅದರ ಪಕ್ಕದಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್. ಅದು ವಿಪರೀತ ಕಾದಿದೆ ಎಂದು ಅದರ ಸೆನ್ಸರ್ ಹೇಳುತ್ತಿತ್ತು. ಡಬ್ಬಿ ಸುಡಬಾರದೆಂದು ಕಾರು ತಾನಾಗಿ ವೇಗ ತಗ್ಗಿಸುತ್ತದಂತೆ. ಬಾನೆಟ್ ತೆರೆದು ಆರಲು ಬಿಟ್ಟೆವು. ಮುಟ್ಟಿದರೆ ಡಬ್ಬಿ ತಣ್ಣಗೆ ಕೂತಿದೆ, ಸ್ಕ್ಯಾನರಿನಲ್ಲಿ ಮಾತ್ರ ಇನ್ನೂ ಬೆಂಕಿ! ಸೆನ್ಸರೇ ಸುಳ್ಳು ಹೇಳುತ್ತಿದೆ ಎಂದು ಹೊಸದು ಹಾಕಿದ. ಅದೂ ಅದೇ ಹಾಡು ಹಾಡಿತು. ನನಗೆ ರೇಗಿಹೋಯಿತು, ಅತ್ತ ಆಸ್ಪತ್ರೆಯಲ್ಲಿ ಒಬ್ಬರು, ಇತ್ತ ಇದೊಂದು. ಇನ್ನು ಉಳಿದದ್ದು ವೈರು. ಇಬ್ಬರೂ ಟಾರ್ಚ್ ಹಾಕಿ ಬಗ್ಗಿ ನೋಡಿದೆವು.

"ಇದು ಯಾರು ಕಟ್ಯಾರ ರೀ ಅಕ್ಕಾರ?"

ಸೆನ್ಸರಿಗೆ ಹೋಗುವ ವೈರಿಗೆ ಅರೆಸುಟ್ಟ ಕರಿದಾರ, ದಾರದಲ್ಲಿ ಒಂದು ಕವಡೆ. ಬಿಗಿದು ಕಟ್ಟಿದ ದಾರ ವೈರನ್ನು ಡಬ್ಬಿಯತ್ತ ಜಗ್ಗಿ ತಾಗಿಸಿತ್ತು. ಮೇಲಿನ ಪ್ಲಾಸ್ಟಿಕ್ ಕರಗಿ ಒಳಗಿನ ತಂತಿ ಕಾಣುತ್ತಿತ್ತು. ಆ ಬರಿ ತಂತಿ ಡಬ್ಬಿಗೆ ತಾಗಿಯೇ ಕಾರಿಗೆ ಇಲ್ಲದ ಬಿಸಿಯ ಸುದ್ದಿ ಹೋಗುತ್ತಿತ್ತು. ಅತ್ತೆಯದೇ ಕೆಲಸ. ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಿಸಲು ನಾನು ಬಿಡುವವಳಲ್ಲ. ಅದಕ್ಕೇ, ನಾನು ವೈಪರಿಗೆ ನೀರು ಹಾಕುವಾಗ ತೆರೆದ ಬಾನೆಟ್ಟಿನೊಳಗೆ ಯಾವಾಗಲೋ ಕಟ್ಟಿಬಿಟ್ಟಿದ್ದರು. ಮಿಸ್ತ್ರಿ ವೈರು ಬದಲಿಸಿ ಹಳೆಯ ಸೆನ್ಸರನ್ನೇ ಕೂರಿಸಿದ. ದೀಪ ಆರಿತು.

ಮನೆಗೆ ಮರಳುವ ದಾರಿಯುದ್ದಕ್ಕೂ ಗಂಡ ಕಣ್ಣು ಮುಚ್ಚಿಕೊಂಡಿದ್ದರು. ನಾನು ಸಿಟ್ಟು ನುಂಗಿಕೊಂಡು ಬಂದೆ. ಅವರನ್ನು ಒಳಗೆ ಮಲಗಿಸಿ, ದಾರವನ್ನು ಅತ್ತೆಯ ಮುಂದೆ ಹಾಕಿದೆ.

"ಮಗನಿಗೆ ದೃಷ್ಟಿ ಆಗಬಾರದಂತ ಕಟ್ಟಿ, ಅವರ ಜೀವಕ್ಕೇ ಸಂಚಕಾರ ತಂದ್ರಲ್ಲ ಅತ್ತಿ."

ಅತ್ತೆ ಕವಡೆಯನ್ನು ಸೆರಗಿನಿಂದ ಒರೆಸಿದರು. ಮಸಿ ಹೋಗಲಿಲ್ಲ.

"ಅವನ ಸಲುವಾಗಿ ಕಟ್ಟಿಲ್ಲವ್ವಾ. ಅವನಿಗೆ ನೋಡ್ಲಾಕ ನೀ ಇದ್ದಿ. ನಿನಗ ಯಾರ ಅದಾರ?"