ಡಬಲ್ ಮಾವ ಆರಿಸಿದ ಆಕ್ಸಲ್

ನನ್ನ ಸೋದರಮಾವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಡಬಲ್. ಒಂದು ಮೊಳೆ ಸಾಕಾಗುವ ಕಡೆ ಎರಡು ಹೊಡೆಯುವವರು, ಬಾಗಿಲಿಗೆ ಬೀಗ ಹಾಕಿ ಅದರ ಕೆಳಗೆ ಇನ್ನೊಂದು ಬೀಗ ಹಾಕುವವರು. ಅವರ ಮನೆಯ ಬಟ್ಟೆ ಒಣಹಾಕುವ ತಂತಿಗೆ ಎಮ್ಮೆ ಕಟ್ಟಿದರೂ ತಡೆಯುತ್ತದೆ. ಅಡುಗೆಮನೆಯಲ್ಲಿ ಅವರೇ ಮಾಡಿದ ಒಂದು ಸ್ಟೂಲಿದೆ. ಅದನ್ನು ಸರಿಸಬೇಕೆಂದರೆ ಅತ್ತೆ ಪಕ್ಕದ ಮನೆಯವರನ್ನು ಕೂಗಬೇಕು. "ಮುರಿಯಲ್ಲ ತಾನೆ?" ಎನ್ನುತ್ತಾರೆ ಮಾವ, ಹೆಮ್ಮೆಯಿಂದ. ಅದು ಮುರಿಯುವುದಿಲ್ಲ, ನಿಜ. ಕಾಲಿಗೆ ತಾಗಿದರೆ ಬೆರಳು ಮುರಿಯುತ್ತದೆ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೀವಮಾನವೆಲ್ಲ ಅವರು ಮಾಡಿದ್ದು ಒಂದೇ ಕೆಲಸ, ವಾಹನಗಳ ಹಿಂದಿನ ಆಕ್ಸಲ್ ರಿಪೇರಿ. ನನಗೆ ಕಾರೆಂದರೆ ಬಾಗಿಲು, ಸೀಟು, ಹಾರ್ನು, ಅಷ್ಟೇ. ನನ್ನಂಥ ದಡ್ಡಿಗೂ ಅವರು ಬೇಸರಿಸದೆ ತಿಳಿಸಿ ಹೇಳಿದ್ದರು. ಆಕ್ಸಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಕೊಳವೆ; ಎಂಜಿನ್ನಿನ ಬಲ ಕೊನೆಗೆ ಚಕ್ರ ಮುಟ್ಟುವುದು ಅದರ ಒಳಗಿರುವ ಶಾಫ್ಟು ಎಂಬ ಎರಡು ಉಕ್ಕಿನ ಸಲಾಕೆಗಳಿಂದ. ಎಂಜಿನ್ ಜೋರಾದಷ್ಟೂ ಅವುಗಳಿಗೆ ಬೀಳುವ ತಿರುಚು ಜೋರು.

ಎಂಜಿನ್ ಜೋರು ಮಾಡಿದವಳು ಅವರ ಮಗಳು. ಮೂವತ್ತರ ಹತ್ತಿರ ಬಂದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿ. ಕೆಲಸ ಬಸ್ ಓಡಿಸುವುದು. ರಜೆ ಸಿಕ್ಕಿದಾಗೆಲ್ಲ ಅಪ್ಪನ ಶೆಡ್ಡಿನಲ್ಲಿ ಕೂತು, ಒಂದು ಹಳೇ ಕಾರಿಗೆ ಅದರ ಯೋಗ್ಯತೆ ಮೀರಿದ ಎಂಜಿನ್ ಕೂರಿಸಿದಳು. ಊರಾಚೆಯ ಪಾಳುಬಿದ್ದ ವಿಮಾನದ ರನ್‌ವೇಯಲ್ಲಿ ನಡೆಯುವ ರೇಸಿಗೆ ಇಳಿಯಬೇಕೆಂಬುದು ಅವಳ ಆಸೆ. ಇದೇನು ಹುಚ್ಚೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ದಿನಾ ಸ್ಟಾಪ್ ಸ್ಟಾಪಿಗೂ ನಿಲ್ಲಿಸೋಳಿಗೆ, ಒಂದ್ಸಲನಾದ್ರೂ ನಿಲ್ಲಿಸದೆ ಹೋಗ್ಬೇಕು ಅನ್ಸಲ್ವೇನೆ?" ಎಂದಳು. 

ಅಲ್ಲೇ ನಡೆದ ಕಾರಿನ ಮೊದಲ ಪರೀಕ್ಷೆಗೆ ಅತ್ತೆ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು, ಪಿಕ್ನಿಕ್ಕಿಗೆ ಬಂದ ಹಾಗೆ ಬಂದಿದ್ದರು. ಪುಟ್ಟಿ ಹೊರಟಳು. ಗೇರು ಬದಲಿಸುತ್ತಿದ್ದಂತೆ ಹಿಂದೆ ಟಣ್ ಎಂದು ಸದ್ದಾಯಿತು. ಶಾಫ್ಟು ಮುರಿದು ಎಡಗಡೆಯ ಹಿಂದಿನ ಚಕ್ರ ಕಳಚಿ, ಕಾರನ್ನೇ ಹಿಂದೆ ಹಾಕಿ ಉರುಳಿಕೊಂಡು ಹೋಯಿತು. ಕಾರು ನೆಲ ಉಜ್ಜಿ ಕಿಡಿ ಹಾರಿಸುತ್ತ ಅಡ್ಡ ತಿರುಗಿ ನಿಂತಿತು. ಪುಟ್ಟಿಗೆ ಏನೂ ಆಗಿರಲಿಲ್ಲ, ನಗುತ್ತಲೇ ಇಳಿದಳು. ಅತ್ತೆ ನಗಲಿಲ್ಲ. ಫ್ಲಾಸ್ಕು ಕೈಯಿಂದ ಜಾರಿ ಒಡೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ರೇಸ್ ಬೇಡ ಅನ್ನಲ್ಲ ಕಣೆ," ಎಂದರು ಮಗಳಿಗೆ. "ಆದ್ರೆ ನಿಮ್ಮಪ್ಪ ನನ್ನ ಮುಖ ನೋಡಿ, ಇನ್ನು ಭಯ ಇಲ್ಲ ಅಂತ ಒಂದ್ಮಾತು ಹೇಳ್ಲಿ. ಅಲ್ಲೀತನಕ ನೀನು ಆ ಕಾರಲ್ಲಿ ಕೂರೋ ಹಾಗಿಲ್ಲ."

"ಅಷ್ಟೇ ತಾನೆ? ಅಪ್ಪ ಹೇಳ್ತಾನೆ ಬಿಡಮ್ಮ," ಎಂದಳು ಪುಟ್ಟಿ. ಅಮ್ಮನಿಗೆ ಮಾತು ಕೊಟ್ಟರೆ ತಪ್ಪುವವಳಲ್ಲ. ಹಾಗಾಗಿ ಅವಳ ಆಸೆಯೆಲ್ಲ ಮಾವನ ಒಂದು ಮಾತಿಗೆ ಗಂಟು ಬಿತ್ತು.

ಡಬಲ್ ಎನಿಸಿಕೊಂಡವರು ಮೊದಲು ಏನು ಮಾಡಿಯಾರು? ಗುಜರಿ ಅಂಗಡಿಗೆ ಹೋಗಿ ಲಾರಿಯ ಆಕ್ಸಲ್ ಹೊತ್ತು ತಂದರು. ಅದನ್ನು ಹಾಕಿ, ಮಗಳು ಕೂರುವ ಹಾಗಿಲ್ಲವಲ್ಲ, ತಾವೇ ಓಡಿಸಿ ನೋಡಿದರು. ಆಕ್ಸಲ್ ಕಮಕ್ ಕಿಮಕ್ ಎನ್ನಲಿಲ್ಲ. ಕಾರೂ ಅಷ್ಟೇ. ಅದರೊಳಗಿನ ಹಲ್ಲುಗಾಲಿಗಳೆಲ್ಲ ನಿಧಾನಕ್ಕೆ ಹೊರೆ ಎಳೆಯಲು ಮಾಡಿದವು. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಪಕ್ಕದಲ್ಲಿ ಪೋಸ್ಟಿನವನು ಸೈಕಲ್ ತುಳಿದುಕೊಂಡು ಮುಂದೆ ಹೋದ.

"ಅಪ್ಪಾ, ಇದು ರೇಸೋ ಮೆರವಣಿಗೆಯೋ?" ಎಂದಳು ಪುಟ್ಟಿ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ನನ್ನ ಕಡೆ ಒಂದು ನೋಟ ಬೀರಿ, ಅದನ್ನು ಬಿಚ್ಚಿ ಮೂಲೆಗೆ ಹಾಕಿದರು.

ಆಮೇಲೆ ಒಂದು ದೊಡ್ಡ ಕಾರಿನ ಆಕ್ಸಲ್ ಸಿಕ್ಕಿತು. ತೂಕ ಕಡಿಮೆ, ಶಾಫ್ಟು ಮಾತ್ರ ಮುರಿದದ್ದಕ್ಕಿಂತ ಎಷ್ಟೋ ದಪ್ಪ. ಪುಟ್ಟಿ ಅದನ್ನು ತಬ್ಬಿಕೊಳ್ಳುವುದೊಂದು ಬಾಕಿ. ಮಾವ ಕೈ ತೊಳೆದುಕೊಂಡು, ಅತ್ತೆಗೆ ಆ ಮಾತು ಹೇಳಲು ಅಡುಗೆಮನೆಗೆ ಹೋದರು. ಅಪ್ಪನ ಬೆನ್ನಿಗೇ ಪುಟ್ಟಿ, ಅವಳ ಬೆನ್ನಿಗೆ ನಾನು.

"ಈ ಸಲದ್ದು ಗಟ್ಟಿ," ಎಂದರು ಮಾವ.

"ಮುರಿಯಲ್ವಾ?"

ದಿನಕ್ಕೆ ಹತ್ತು ಸಲ ಮುರಿಯಲ್ಲ ಎನ್ನುವ ಮನುಷ್ಯ, ಆ ಸ್ಟೂಲಿನ ಮೇಲೆ ಕೂತು, ಹೆಂಡತಿಯ ಮುಖ ನೋಡಿ, ತುಟಿ ಪಿಟಕ್ಕೆನ್ನಲಿಲ್ಲ. ಮುರಿದ ಶಾಫ್ಟುಗಳನ್ನು ನೋಡಿಕೊಂಡೇ ತಲೆ ಹಣ್ಣಾದವರು. ಹೆಂಡತಿಗೆ ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ಸರಿ," ಎಂದರು ಅತ್ತೆ. "ಮುರೀತು ಅಂತಾನೇ ಇಟ್ಕೊಳ್ಳಿ. ಮುರಿದ್ರೆ ಏನಾಗುತ್ತೆ?"

ಮಾವ ಎದ್ದು ಸೀದಾ ಶೆಡ್ಡಿಗೆ ಹೋದರು. ಪುಟ್ಟಿಯ ಮುಖ ಬಾಡಿತು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಒಂದು ಮಾತು ಸಡಿಲ ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎನಿಸಿತು. ಸ್ವಲ್ಪ ಹೊತ್ತು ಬಿಟ್ಟು ಶೆಡ್ಡಿಗೆ ಇಣುಕಿದರೆ, ಮಾವ ಮೂಲೆಗೆ ಹಾಕಿದ್ದ ಲಾರಿ ಆಕ್ಸಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂತಿದ್ದರು. ಅದರ ಶಾಫ್ಟುಗಳನ್ನು ಎಳೆದು ಪಕ್ಕಕ್ಕಿಟ್ಟಿದ್ದರು. ಚಕ್ರಗಳು ಮಾತ್ರ ಆಕ್ಸಲ್ಲಿಗೇ ಕಚ್ಚಿಕೊಂಡು ನಿಂತಿದ್ದವು.

"ನೋಡಮ್ಮ," ಎಂದರು. "ಕಾರಿನ ಆಕ್ಸಲ್‌ನಲ್ಲಿ ಚಕ್ರನ ತಿರುಗಿಸೋದೂ ಶಾಫ್ಟೇ, ಹೊರೋದೂ ಶಾಫ್ಟೇ. ಅದು ಹೋಯ್ತೋ, ಚಕ್ರನೂ ಹೋಯ್ತು. ಲಾರೀದ್ರಲ್ಲಿ ಚಕ್ರ ಹೊರಗಿನ ಕೊಳವೆ ಮೇಲೆ ಕೂತಿರುತ್ತೆ. ಶಾಫ್ಟಿಗೆ ತಿರುಗಿಸೋದೊಂದೇ ಕೆಲಸ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದ್ರೆ ನಾನು ಮುರಿಯದೇ ಇರೋದನ್ನೇ ಹುಡುಕ್ತಾ ಇದ್ದೆ ನೋಡು. ನಿಮ್ಮತ್ತೆ ಕೇಳಿದ್ದು ಬೇರೇನೇ, ಮುರಿದ್ರೆ ಏನು ಅಂತ."

ಮರುದಿನದಿಂದ ಗುಜರಿ ಅಂಗಡಿಯವನಿಗೆ ಉಸಿರಾಡಲು ಬಿಡಲಿಲ್ಲ. ಕೊನೆಗೆ ಒಂದು ಚಿಕ್ಕ ಸಾಮಾನು ಗಾಡಿಯ ಆಕ್ಸಲ್ ಸಿಕ್ಕಿತು. ಲಾರಿಯದೇ ತರಹದ್ದು, ಭಾರ ಮಾತ್ರ ಕಾರು ತಡೆಯುವಷ್ಟು. ಅಪ್ಪ ಮಗಳು ಸೇರಿ ಅದನ್ನು ಅಳತೆಗೆ ಕತ್ತರಿಸಿ ಬೆಸೆದರು, ಓಟಕ್ಕೆ ತಕ್ಕ ಹಲ್ಲುಗಾಲಿ ಹಾಕಿದರು, ದಪ್ಪ ಶಾಫ್ಟು ಮಾಡಿಸಿದರು.

ಒಂದು ಭಾನುವಾರ ಬೆಳಿಗ್ಗೆ ಮಾವ ಅತ್ತೆಯನ್ನು ಅಂಗಳಕ್ಕೆ ಕರೆದರು. ಕಾರು ತನ್ನ ನಾಲ್ಕೂ ಚಕ್ರಗಳ ಮೇಲೆ ನಿಂತಿತ್ತು. ಮಾವ ಹಿಂದಿನ ಚಕ್ರದ ನಡುವಿನ ಬೋಲ್ಟುಗಳನ್ನು ಬಿಚ್ಚಿ, ಶಾಫ್ಟನ್ನು ಉದ್ದಕ್ಕೆ ಹೊರಗೆಳೆದು ಅತ್ತೆಯ ಕಾಲ ಬಳಿ ಇಟ್ಟರು. ಆಚೆ ಕಡೆಯದನ್ನೂ ಎಳೆದು ತಂದಿಟ್ಟರು.

"ಮುರಿಯಲ್ಲ ಅಂತ ನಾನು ಹೇಳಲ್ಲ ಕಣೆ," ಎಂದರು ಅತ್ತೆಯ ಮುಖ ನೋಡಿ. "ಮುರೀಬಹುದು. ಈಗ ಎರಡೂ ಮುರಿದಿದೆ ಅಂತಾನೇ ತಿಳ್ಕೋ. ಮಗಳನ್ನ ಕೂರಿಸಿ ನೂಕು."

ಅತ್ತೆ ಕಾರಿನ ಸುತ್ತ ಒಂದು ಸುತ್ತು ಬಂದರು. ಚಕ್ರವನ್ನು ಕಾಲಿನಿಂದ ಒದ್ದು ನೋಡಿದರು. ಆಮೇಲೆ ಪುಟ್ಟಿಗೆ ಕೂರಲು ಕಣ್ಣಲ್ಲೇ ಹೇಳಿ, ಕಾರಿನ ಹಿಂಭಾಗಕ್ಕೆ ಎರಡೂ ಕೈ ಕೊಟ್ಟು ನೂಕಿದರು. ಕಾರು ಮೆಲ್ಲಗೆ ಉರುಳಿತು. ಶಾಫ್ಟುಗಳೆರಡೂ ನೆಲದ ಮೇಲಿದ್ದವು, ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಬೇಡ ಎಂದಿದ್ದ ಕಾರಿನಲ್ಲೇ ಮಗಳನ್ನು ಕೂರಿಸಿಕೊಂಡು ತಾಯಿ ಗೇಟಿನವರೆಗೂ ನೂಕಿಕೊಂಡು ಹೋದರು.  ಅತ್ತೆಯ ಮೇಲೆ ಸಿಟ್ಟಾಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಏದುಸಿರು ಬಿಡುತ್ತ ವಾಪಸು ಬಂದ ಅತ್ತೆ ಒಂದು ಶಾಫ್ಟನ್ನು ತಾವೇ ಎತ್ತಿ ಮಾವನ ಕೈಗೆ ಕೊಟ್ಟರು.

"ಹಾಕಿ ಇದನ್ನ. ಮತ್ತೆ, ಆ ಫ್ಲಾಸ್ಕ್ ಒಡೆದು ಹೋಯ್ತಲ್ಲ. ರೇಸಿನ ದಿನ ಟೀ ತಗೊಂಡು ಹೋಗೋದು ಯಾವುದ್ರಲ್ಲಿ? ಹೊಸದೊಂದು ತನ್ನಿ."

ಮಾವ ಎರಡು ತಂದರು.