ಹೊಗೆನಕಲ್ಲಿನ ಎಣ್ಣೆಬಂಡೆ

ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು, ಅಣ್ಣನೂ ನಾನೂ ಇಂದು ಹೊಗೆನಕಲ್ಲಿಗೆ ಬಂದೆವು. ಅಣ್ಣ ಹಂಗಳದಲ್ಲಿ ಕೂಲಿ ಮಾಡುತ್ತಾನೆ. ನಾನು ಚಾಮರಾಜನಗರದಲ್ಲಿ ಗುಮಾಸ್ತ. ಇಲ್ಲಿ ಜಲಪಾತಕ್ಕೆ ಇಳಿಯುವ ಮೊದಲು ಬಂಡೆಯ ಮೇಲೆ ಮಲಗಿಸಿ ಮೈಗೆ ಎಣ್ಣೆ ತಿಕ್ಕುತ್ತಾರೆ. ಅಣ್ಣನ ಮೈ ನೀವುತ್ತಿದ್ದ ಮುದುಕ ಎಡಭುಜದ ಮೇಲೆ ಬೆರಳು ನಿಲ್ಲಿಸಿ, "ಇದು ಮುರ್ದು ಸೊಟ್ಟಗೆ ಕೂಡ್ಕಂಡದೆ. ಚಿಕ್ ವಯಸ್ನಲ್ಲಿ ಬಿದ್ರಾ ಸಾಮಿ?" ಎಂದ. ನಲವತ್ತು ವರ್ಷದ ಹಳೆಯ ಪೆಟ್ಟನ್ನು ಆ ಬೆರಳು ಕಂಡುಹಿಡಿದದ್ದು ನೋಡಿ ಬೆರಗಾಯಿತು.

"ಹುಣಸೆಮರದಿಂದ ಬಿದ್ಬುಟ್ಟೆ ಕಣಪ್ಪ," ಎಂದ ಅಣ್ಣ, ನನ್ನತ್ತ ನೋಡದೆ.

ಅಂದು ಅವ್ವನಿಗೂ ಅವನು ಅಷ್ಟೇ ಹೇಳಿದ್ದ. ಮರದ ಮೇಲೆ ಜಗಳವಾಡಿ ಅವನನ್ನು ತಳ್ಳಿದ್ದು ನಾನು. ಆಮೇಲೆ ಆ ತೋಳಲ್ಲಿ ಭಾರ ಎತ್ತಲಾಗದೆ ಅವನಿಗೆ ಎಷ್ಟು ಕೆಲಸ ತಪ್ಪಿತೋ, ಒಮ್ಮೆಯೂ ನಾನು ಕೇಳಲಿಲ್ಲ.

ಅಣ್ಣ ಎದ್ದು ಹೋಗಿ ಧಾರೆಯ ಕೆಳಗೆ ನಿಂತ. ನಾನು ಹತ್ತಿರ ಹೋಗಿ, "ಅಣ್ಣ, ಅವತ್ತು ನಾನು ತಪ್ಪು ಮಾಡ್ಬುಟ್ಟೆ," ಎಂದೆ.

ನೀರಿನ ಅಬ್ಬರದಲ್ಲಿ ಅವನು ಕಿವಿಗೆ ಕೈ ಒಡ್ಡಿ, "ಏನ್ಲಾ? ಕೇಳಿಸ್ನಿಲ್ಲ," ಎಂದ.

"ನೀರು ತಣ್ಣಗದೆ ಅಂದೆ."

"ಊ ಕಣ್ಲಾ," ಎಂದು ನಕ್ಕು, ಪಕ್ಕಕ್ಕೆ ಸರಿದು ನನ್ನನ್ನು ಧಾರೆಯ ಕೆಳಕ್ಕೆ ಎಳೆದುಕೊಂಡ.